ಒಳ್ಳೆಮೆಣಸು ಹುಡುಕಿ ಹೊರಟವರ ಊರಿನಲ್ಲಿ

ಲಿಸ್ಬನ್ನಿಗೆ ಬಂದ ಹೊಸತರಲ್ಲಿ ಮನೆಯೊಡತಿ ಬೀಗದ ಕೈಯನ್ನು ಮುಂದೆ ಹಿಡಿದು ‘ಶಾವ್’ ಎಂದರು. ನಮ್ಮ ಚಾವಿ! ಬಾಲ್ದಿಗೆ ಇಲ್ಲಿ ಬಾಲ್ದ್, ಬಟಾಟೆಗೆ ಬಟಾಟ, ಇಗರ್ಜಿಗೆ ಇಗ್ರೇಜ. ಪುತ್ತೂರಿನವನಿಗೆ ಅರ್ಧ ಪೋರ್ಚುಗೀಸ್ ಹುಟ್ಟಿನಿಂದಲೇ ಬರುತ್ತದೆ ಎಂದು ಬೀಗಿದೆ. ಬ್ಯಾಂಕಿನ ಅರ್ಜಿ ಕೈಗೆ ಬಂದ ದಿನ ಆ ಜಂಬ ಇಳಿಯಿತು.

ಕಳೆದ ಮೇ ತಿಂಗಳಲ್ಲಿ ಅಪ್ಪ ಬಂದಿದ್ದರು. ಅಡಿಕೆ ಮರಗಳಿಗೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿಸಿ, ಅದರ ದುಡ್ಡಿನಲ್ಲೇ ನನ್ನನ್ನು ಓದಿಸಿದವರು. ಅವರನ್ನು ನದಿ ದಂಡೆಯ ಬೆಲೆಂಗೆ ಕರೆದೊಯ್ದೆ. 1497ರ ಜುಲೈ 8ರಂದು ವಾಸ್ಕೋ ಡ ಗಾಮನ ನಾಲ್ಕು ಹಡಗುಗಳು ಹೊರಟದ್ದು ಇಲ್ಲಿಂದಲೇ. ಈಗ ಅಲ್ಲಿ ಹಡಗಿನ ಮೂತಿಯಂಥ 56 ಮೀಟರ್ ಎತ್ತರದ ಸ್ಮಾರಕವಿದೆ, 1960ರದ್ದು. ಎದುರಿನ ನೆಲದಲ್ಲಿ ಕಲ್ಲಿನ ಭೂಪಟ. ಯಾವ ದೇಶವನ್ನು ಯಾವಾಗ ‘ಕಂಡುಹಿಡಿದರು’ ಎಂಬ ಲೆಕ್ಕ. ಭಾರತಕ್ಕೆ 1498. ಅಪ್ಪ ಅದರ ಮೇಲೆ ನಿಂತು, “ಅದಕ್ಕೆ ಮೊದಲು ನಾವು ಕಳೆದುಹೋಗಿದ್ದೆವಾ?” ಎಂದು ಕೇಳಿದರು.

ಭಾರತಕ್ಕೆ ಬರಲು ಪೋರ್ಚುಗೀಸರಿಗೇಕೆ ಅಷ್ಟು ಅವಸರವಿತ್ತು ಎಂಬುದನ್ನು ಅಪ್ಪನಿಗೆ ವಿವರಿಸುವುದು ಕಷ್ಟವಾಗಲಿಲ್ಲ. ಮಲಬಾರಿನ ಮೆಣಸು ಅರಬರ ಹಡಗು ಹತ್ತಿ, ಈಜಿಪ್ಟಿನ ಸುಲ್ತಾನನಿಗೆ ಸುಂಕ ಕಟ್ಟಿ, ವೆನಿಸ್ಸಿನ ವರ್ತಕರ ಕೈ ದಾಟಿ ಯುರೋಪಿನ ಪಶ್ಚಿಮದ ತುದಿಗೆ ಬರುವಾಗ ಬೆಲೆ ಎಲ್ಲಿಗೋ ಏರಿರುತ್ತಿತ್ತು. “ದಲ್ಲಾಳಿಗಳನ್ನು ತಪ್ಪಿಸಲು ಹೊರಟರು ಅನ್ನು,” ಎಂದರು ಅಪ್ಪ. ಜೊತೆಗೆ ಮುಸ್ಲಿಂ ರಾಜ್ಯಗಳ ಮೇಲಿನ ಹಗೆ, ಪೂರ್ವದಲ್ಲೆಲ್ಲೋ ಒಬ್ಬ ಕ್ರೈಸ್ತ ರಾಜನಿದ್ದಾನೆ ಎಂಬ ಆಸೆ. ಆದರೆ ದಲ್ಲಾಳಿಯನ್ನು ತಪ್ಪಿಸಿದವರು ತಾವೇ ಸಮುದ್ರದ ಸುಂಕದ ಕಟ್ಟೆಯಾದರು. ಅವರ ರಹದಾರಿ ಇಲ್ಲದ ಹಡಗು ಕಂಡರೆ ದೋಚಿದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದವರೂ ಅವರೇ, ಆಕೆಯೊಡನೆ ಕಾದಾಡಿದವರೂ ಅವರೇ.

ರಸ್ತೆಯ ಆಚೆ ಜೆರೋನಿಮೋಸ್ ಮಠ. ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲೆ ನೂರಕ್ಕೆ 5ರಂತೆ ತೆಗೆದಿಟ್ಟ ಹಣದಲ್ಲಿ ಎದ್ದದ್ದು. ಸುಣ್ಣಕಲ್ಲಿನಲ್ಲಿ ಹಗ್ಗದ ಹುರಿ ಎದ್ದು ಕಾಣುವಂತೆ ಕೆತ್ತಿದ್ದಾರೆ. ಅಪ್ಪ ಅದನ್ನು ಬೆರಳಿನಿಂದ ಸವರಿ, “ಕೆಲಸ ಒಳ್ಳೆಯದಿದೆ,” ಎಂದರು. ಗಾಮನ ಗೋರಿ ಒಳಗಿದೆ. ಸತ್ತದ್ದು ಮಾತ್ರ 1524ರಲ್ಲಿ, ನಮ್ಮ ಕೊಚ್ಚಿಯಲ್ಲಿ.

ವಾರದ ಕೊನೆಗೆ ದಕ್ಷಿಣದ ಲಾಗೋಸ್ ಪಟ್ಟಣಕ್ಕೆ ಹೋದೆವು. ಕಡಲತೀರ ಸೊಗಸು, ಬಿಡಿ. 1444ರ ಆಗಸ್ಟ್ 8ರಂದು ಅಲ್ಲಿ ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನು ಇಳಿಸಿ ಪಾಲು ಹಾಕಿದರು. ರಾಜಕುಮಾರ ಹೆನ್ರಿ ಕುದುರೆಯ ಮೇಲೆ ಕುಳಿತು ನೋಡುತ್ತಿದ್ದ. ಐದರಲ್ಲೊಂದು ಪಾಲು, 46 ಜನ, ಅವನಿಗೆ. ಮಕ್ಕಳನ್ನು ಅಪ್ಪಿಕೊಂಡು ನೆಲಕ್ಕೆ ಬಿದ್ದ ತಾಯಂದಿರ ಬಗ್ಗೆ ಬರೆದಿಟ್ಟವನು ಹೆನ್ರಿಯನ್ನು ಹೊಗಳುತ್ತಿದ್ದ ಆಸ್ಥಾನದ ಚರಿತ್ರೆಕಾರ ಜುರಾರನೇ. ಬೆಲೆಂನ ಸ್ಮಾರಕದ ತುದಿಯಲ್ಲಿ ನಿಂತವನು ಅದೇ ಹೆನ್ರಿ. ಹಿಂತಿರುಗುವ ಬಸ್ಸಿನಲ್ಲಿ ಅಪ್ಪ ಮಾತನಾಡಲಿಲ್ಲ.

ಇಲ್ಲಿನ ಅಂಗಡಿಯಲ್ಲಿ ನಾನು ಕೊಳ್ಳುವ ಮೆಣಸಿನ ಬಾಟಲಿಯ ಮೇಲೆ ‘ವಿಯೆಟ್ನಾಂ’ ಎಂದಿರುವುದನ್ನು ಕಂಡು ಅಪ್ಪನಿಗೆ ಬೇಸರ. ಊರಿನಿಂದ ತಂದಿದ್ದ ಪೊಟ್ಟಣದಲ್ಲಿ ಒಂದು ಹಿಡಿಯನ್ನು ಮನೆಯೊಡತಿಗೆ ಕೊಟ್ಟರು. ಆಕೆ ಮೂಸಿ, “ಪಿಮೆಂಟ!” ಎಂದು ಕಣ್ಣರಳಿಸಿ, ನಿಮ್ಮಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರು. ‘ಒಳ್ಳೆಮೆಣಸು’ ಎಂದರೆ ಒಳ್ಳೆಯ ಮೆಣಸು ಎಂದು ನಾನು ಬಿಡಿಸಿ ಹೇಳಿದೆ.

“ಹಾಗಾದರೆ ಕೆಟ್ಟದ್ದು ಯಾವುದು?”

ಅಪ್ಪ ಒಗ್ಗರಣೆಗೆಂದು ಮುರಿದಿಟ್ಟಿದ್ದ ಕೆಂಪು ಮೆಣಸಿನ ಕಡೆ ಕೈ ತೋರಿಸಿ, “ನಿಮ್ಮವರು ಅಮೆರಿಕದಿಂದ ತಂದು ಕೊಟ್ಟದ್ದು. ಈಗ ಬರೀ ಮೆಣಸು ಎಂದರೆ ಅದೇ ಎಂದು ಹೇಳು,” ಎಂದರು.