ಬಾಗಿಲಿಲ್ಲದ ಗುಡಿಗೆ ಮೂರು ಸುತ್ತು

ಕಲಬುರಗಿ ಜಿಲ್ಲೆಯ ಸನ್ನತಿಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿನ ದೇವಿ ಚಂದ್ರಲಾಂಬೆಯ ಒಕ್ಕಲಿನವರು. ಉಡಿ ತುಂಬಿ, ಕಾಯಿ ಒಡೆಸಿ, ಭೀಮಾ ನದಿಗೆ ಕೈಮುಗಿದು ಊರಿಗೆ ತಿರುಗುತ್ತಾರೆ. ಮೂರು ಕಿಲೋಮೀಟರ್ ಆಚೆ ಕನಗನಹಳ್ಳಿಯಲ್ಲಿ ಶಾತವಾಹನರ ಕಾಲದ ಬೌದ್ಧ ಮಹಾಸ್ತೂಪವಿದೆ ಎಂದು ಕೇಳಿ ಹೋದವರೂ ಹತ್ತೇ ನಿಮಿಷಕ್ಕೆ ಹೊರಬೀಳುವುದುಂಟು. ಅವರು ಹುಡುಕುವುದು ಬಾಗಿಲನ್ನು. ಸ್ತೂಪಕ್ಕೆ ಬಾಗಿಲಿಲ್ಲ, ಗರ್ಭಗುಡಿಯಿಲ್ಲ, ಮಂಗಳಾರತಿ ತಟ್ಟೆಯೂ ಬರುವುದಿಲ್ಲ. ಅಲ್ಲಿ ಸುತ್ತುವುದೇ ದರ್ಶನ.

ಸುತ್ತುವಾಗ ಸ್ತೂಪ ನಮ್ಮ ಬಲಕ್ಕಿರಬೇಕು. ಮೂರು ಸುತ್ತು ವಾಡಿಕೆ. ಬುದ್ಧ, ಧರ್ಮ, ಸಂಘಕ್ಕೆ ಒಂದೊಂದು. ಮೊದಲ ಸುತ್ತಿನಲ್ಲಿ ಕೆತ್ತನೆಯ ಗೊಡವೆಗೆ ಹೋಗದೆ ಕಟ್ಟಡವನ್ನಷ್ಟೇ ಅರಿತುಕೊಳ್ಳುವುದು ಒಳ್ಳೆಯದು. ಕೆಳಗಿನ ದುಂಡು ಜಗಲಿ ಮೇಧಿ. ಅದರ ಮೇಲಿನ ಗುಮ್ಮಟ ಅಂಡ. ಅಂಡದ ನೆತ್ತಿಯ ಚೌಕ ಕಟಾಂಜನ ಹರ್ಮಿಕೆ, ಅದರ ನಡುವೆ ಛತ್ರ. ನಾಲ್ಕು ದಿಕ್ಕಿಗೂ ಮೇಧಿಯಿಂದ ಮುಂಚಾಚಿದ ಕಟ್ಟೆಗಳಿಗೆ ಆಯಕ ಎನ್ನುತ್ತಾರೆ. ಇಲ್ಲಿ ಮೇಲಿನ ಭಾಗವೆಲ್ಲ ಎಂದೋ ಕುಸಿದಿದೆ, ಛತ್ರವನ್ನು ಮನಸ್ಸಿನಲ್ಲೇ ಬಿಚ್ಚಿಕೊಳ್ಳಬೇಕು. ಇಲ್ಲಿನ ಶಾಸನಗಳು ಈ ಸ್ತೂಪವನ್ನು ‘ಅಧೋಲೋಕ ಮಹಾಚೈತ್ಯ’ ಎಂದು ಕರೆಯುತ್ತವೆ. ಶತಮಾನಗಟ್ಟಲೆ ಮಣ್ಣಿನಡಿ ಮಲಗಿ, 1990ರ ದಶಕದ ಉತ್ಖನನದಲ್ಲಿ ಎದ್ದುಬಂದದ್ದಕ್ಕೆ ಆ ಹೆಸರು ಎಷ್ಟು ಒಪ್ಪುತ್ತದೆ!

ಎರಡನೆಯ ಸುತ್ತು ಫಲಕಗಳಿಗೆ. ಹಲವು ಫಲಕಗಳಲ್ಲಿ ಜನ ಕೈಮುಗಿದು ನಿಂತಿದ್ದಾರೆ, ಎದುರಿಗೆ ಬುದ್ಧನಿಲ್ಲ; ಬರಿದಾದ ಆಸನ, ಬೋಧಿವೃಕ್ಷ, ಪಾದ ಅಥವಾ ಚಕ್ರವಿದೆ. ಕೆತ್ತನೆ ಅರ್ಧಕ್ಕೇ ನಿಂತಿದೆಯೆಂದಲ್ಲ, ಆ ಖಾಲಿ ಪೀಠವೇ ಬುದ್ಧ. ಮೂರ್ತಿಗಳೂ ಇಲ್ಲಿ ಸಿಕ್ಕಿವೆ, ಅವು ಆಮೇಲಿನ ಕಾಲದವು.

‘ರಾಯೋ ಅಸೋಕೋ’, ಅಂದರೆ ರಾಜ ಅಶೋಕ, ಎಂದು ಹೆಸರು ಕೆತ್ತಿದ ಫಲಕ ಎಲ್ಲಿದೆಯೆಂದು ಕಾವಲಿನವರನ್ನೇ ಕೇಳಿ. ಸಂರಕ್ಷಣೆಯ ಕೆಲಸದಲ್ಲಿ ಕಲ್ಲುಗಳ ಜಾಗ ಬದಲಾಗುತ್ತದೆ. ರಾಣಿಯ ಜೊತೆ ನಿಂತ ಅಶೋಕ, ಹಿಂದೆ ಛತ್ರ ಚಾಮರ ಹಿಡಿದವರು. ಹೆಸರು ಐದೇ ಬ್ರಾಹ್ಮಿ ಅಕ್ಷರ. ಬ್ರಾಹ್ಮಿಯ ‘ಕ’ ಎಂದರೆ ಕೂಡಿಸುವ ಚಿಹ್ನೆಯಂಥ ಅಡ್ಡ ಉದ್ದ ಗೆರೆ. ಅದರ ತಲೆಗೆ ಎಡಬಲ ಗೀಟು ಎಳೆದರೆ ‘ಕೋ’. ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿಕೊಂಡು ಬಂದರೆ ಗುರುತು ಬೇಗ ಹತ್ತುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲೇ ನೋಡಬೇಕು. ನಡುಮಧ್ಯಾಹ್ನ ನೆರಳು ಬೀಳದೆ ತೆಳುಗೆತ್ತನೆಯೆಲ್ಲ ಸಪಾಟಾಗಿ ಕಾಣುತ್ತದೆ. ಭೀಮಾತೀರದ ಬೇಸಿಗೆಯಲ್ಲಂತೂ ಕಾಲಿಡಲಾಗದು. ನವೆಂಬರಿನಿಂದ ಫೆಬ್ರವರಿವರೆಗೆ ಅನುಕೂಲ.

ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಭಕ್ತಿಯಿಂದಲೇ ಎಣ್ಣೆ ಕುಂಕುಮ ಹಚ್ಚುವುದು ಎರಡೂ ಕೂಡದು. ಇದು ಸುಣ್ಣಕಲ್ಲು, ಶಹಾಬಾದ್ ಹಾಸುಗಲ್ಲಿನ ಜಾತಿ, ಪದರು ಪದರು. ಬಿರುಕಿನಲ್ಲಿ ನೀರು ಇಳಿದು, ಬಿಸಿಲಿಗೆ ಒಣಗಿ, ಮೇಲ್ಪದರು ಹಪ್ಪಳದಂತೆ ಏಳುತ್ತದೆ. ಎದ್ದ ಪದರಿನ ಮೇಲೆ ಬೆರಳೊತ್ತಿದರೆ ಒಂದು ಮೂಗೋ ಒಂದು ಅಕ್ಷರವೋ ಕೈಗೇ ಬಂದೀತು. ಹೂವಿಡುವುದಾದರೆ ನೆಲದ ಮೇಲೆ ಇಡಿ. ಮೂರನೆಯ ಸುತ್ತಿಗೆ ಮಾತೂ ಬೇಡ, ಮೊಬೈಲೂ ಬೇಡ.

ಚಂದ್ರಲಾಂಬೆಯ ಆವರಣವೂ ಈ ಯಾತ್ರೆಯ ಭಾಗವೇ. 1986ರಲ್ಲಿ ಅಲ್ಲಿನ ಕಾಳಿಕಾ ಗುಡಿಯ ಚಾವಣಿ ಕುಸಿದು ವಿಗ್ರಹ ಭಗ್ನವಾಯಿತು. ಅದರ ಪೀಠದ ಕಲ್ಲು ನೋಡಿದರೆ ಅಶೋಕನ ಶಾಸನ! ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಎರಡೂ ಮುಖಕ್ಕೆ ಬರಹ. ವಿಗ್ರಹ ಕೂರಿಸಲು ನಡುವೆ ಚೌಕವಾಗಿ ತೂತು ಕೊರೆದಿದ್ದರು. ಕೊರೆದವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಕಲ್ಲಿನಲ್ಲಿ ಉಳಿದಿರುವುದರಲ್ಲಿ ಅಶೋಕನ ಬಂಡೆಗಲ್ಲು ಶಾಸನಗಳಲ್ಲಿ ಹನ್ನೆರಡನೆಯದರ ಭಾಗವೂ ಇದೆ: ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎಂದು ಅರಸ ಬರೆಸಿದ್ದು ಅದರಲ್ಲೇ. ದೇವಿ ಅದರ ಮೇಲೆ ನಿಂತು ಪೂಜೆ ಪಡೆದಳು. ಕಲ್ಲಿನಲ್ಲಿ ಕಳೆದುಹೋದ ಸಾಲುಗಳನ್ನು ಇಂದು ಗುಜರಾತಿನ ಗಿರ್ನಾರಿನಂಥ ಬೇರೆಡೆಯ ಪ್ರತಿಗಳಿಂದ ತುಂಬಿಕೊಂಡು ಓದುತ್ತಾರೆ.