729 ಜನರ ಜಿಲ್ಲೆಯಲ್ಲಿ ಎರಡು ಗಂಟೆ

ಲಾಸ್ ವೇಗಸ್‌ನಿಂದ ರೀನೋಗೆ ಹೋಗುವಾಗ ಗೋಲ್ಡ್‌ಫೀಲ್ಡ್ ಎಂಬ ಊರಿನಲ್ಲಿ ನಮ್ಮ ಕಾರು ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಹೊರಡುವ ಮೊದಲು ನೋಡದೇ ಇದ್ದದ್ದು ನನ್ನದೇ ತಪ್ಪು. ಪಕ್ಕದ ಕೌಂಟಿಯ ಟೋನೋಪಾದಿಂದ ಗಾಡಿ ಬರಬೇಕು, ಎರಡು ಗಂಟೆಯಾದರೂ ಆಗುತ್ತೆ ಅಂದರು.

ಜೊತೆಗೆ ಅಪ್ಪ ಇದ್ದರು. ಕೆಜಿಎಫ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ರಿಟೈರ್ ಆದವರು. ಊರಿನ ಬೋರ್ಡು ಓದಿ, "ಇದೂ ಚಿನ್ನದ ಊರೇನೋ?" ಅಂದರು. ಹೌದು, ಇಲ್ಲಿ ಚಿನ್ನ ಸಿಕ್ಕಿದ್ದು 1902ರಲ್ಲಿ. ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟು ಬಂದ ವರ್ಷವೂ ಅದೇ. ಅಷ್ಟು ಕೇಳಿದ್ದೇ ತಡ, ಅಪ್ಪ ಪಂಕ್ಚರ್ ಮರೆತು ನಡೆಯತೊಡಗಿದರು.

ಇದು ನೆವಾಡಾದ ಎಸ್ಮೆರಾಲ್ಡಾ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ವಿಸ್ತೀರ್ಣದಲ್ಲಿ ಕೋಲಾರ ಜಿಲ್ಲೆಯ ಎರಡರಷ್ಟಕ್ಕೂ ಜಾಸ್ತಿ. ಜನ? 2020ರ ಜನಗಣತಿಯಲ್ಲಿ 729. ನಮ್ಮ ಕಡೆ ಮದುವೆ ಊಟದ ಮೊದಲೆರಡು ಪಂಕ್ತಿಗೇ ಇಷ್ಟು ಎಲೆ ಹಾಕಿರುತ್ತಾರೆ. ಇಡೀ ಕೌಂಟಿಯಲ್ಲಿ ಒಂದು ಹೈಸ್ಕೂಲೂ ಇಲ್ಲ. ಮಕ್ಕಳು ಟೋನೋಪಾಕ್ಕೆ ಹೋಗಿ ಓದುತ್ತಾರೆ.

ಆದರೆ ಕೋರ್ಟು ನೋಡಬೇಕು. 1907ರ ಕಲ್ಲಿನ ಕಟ್ಟಡ, ತಲೆಯ ಮೇಲೆ ಕೋಟೆಯ ಹಾಗೆ ತೆನೆಗೋಡೆ. ಆಗ ಊರಿನಲ್ಲಿ ಇಪ್ಪತ್ತು ಸಾವಿರದಷ್ಟು ಜನ ಇದ್ದರಂತೆ. ಆಮೇಲೆ ಚಿನ್ನ ಕಡಿಮೆಯಾಯಿತು, 1923ರ ಬೆಂಕಿಯಲ್ಲಿ ಊರಿನ ಬಹುಪಾಲು ಸುಟ್ಟುಹೋಯಿತು. ಕೋರ್ಟು ಉಳಿಯಿತು. ಮ್ಯೂಸಿಯಂ ಆಗಿರಬೇಕು ಅಂದುಕೊಂಡೆ. ಅಲ್ಲ, ಇವತ್ತಿಗೂ ಕೌಂಟಿಯ ಕೆಲಸ ನಡೆಯುವುದು ಅಲ್ಲೇ.

ಕಚೇರಿಯ ಹೆಂಗಸೊಬ್ಬರು ಅಪ್ಪನ ಕೆಲಸ ಏನಾಗಿತ್ತು ಅಂತ ತಿಳಿದು, ಕೋರ್ಟ್ ಹಾಲಿನ ಬಾಗಿಲು ತೆಗೆದು ದೀಪ ಹಾಕಿದರು. ಜಡ್ಜ್ ಮೇಜಿನ ಮೇಲೆ ಬಣ್ಣದ ಗಾಜಿನ ಟಿಫಾನಿ ದೀಪಗಳು. ಹಳೇ ಕಾಲದವು, ಈಗಲೂ ಉರಿಯುತ್ತವೆ. ನಾನು ದೀಪದ ಫೋಟೋ ತೆಗೆಯುತ್ತಿದ್ದೆ. ಅಪ್ಪ ದೀಪ ನೋಡಲೇ ಇಲ್ಲ. ಜಡ್ಜ್ ಮೇಜಿನ ಕೆಳಗೆ ಗುಮಾಸ್ತರು ಕೂರುವ ಜಾಗ ಹುಡುಕಿ, ಅದರ ಅಂಚನ್ನು ಬೆರಳಿನಿಂದ ಸವರಿದರು. ಧೂಳಿರಲಿಲ್ಲ.

"ಫೈಲ್ ಕಟ್ಟುಗಳು ಎಲ್ಲಿ? ಇವತ್ತು ಎಷ್ಟು ಕೇಸಿದೆ ಕೇಳೋ."

ಕೇಳಿದೆ. ಇವತ್ತು ಒಂದೂ ಇಲ್ಲ ಅಂದರು ಆಕೆ.

"ಒಂದೂ ಇಲ್ವಾ!" ಅಪ್ಪನ ಮುಖದಲ್ಲಿ ಇದ್ದದ್ದು ಹೊಟ್ಟೆಕಿಚ್ಚೋ ಬೇಜಾರೋ ಗೊತ್ತಾಗಲಿಲ್ಲ. ದಿನಕ್ಕೆ ನೂರು ಕೇಸು ಕರೆಸಿದ ಮನುಷ್ಯ.

ಅಷ್ಟರಲ್ಲಿ ಗಾಡಿಯವನ ಫೋನು ಬಂತು. ಮಾತಾಡುತ್ತಾ ಹೊರಬಾಗಿಲಿಗೆ ಬಂದೆ. ಹಿಂದಿನಿಂದ ನನ್ನ ಹೆಸರು ಕೇಳಿಸಿತು. ನಮ್ಮ ಕೋರ್ಟಿನ ಜವಾನರು ಕರೆಯುತ್ತಾರಲ್ಲ, ಅದೇ ರಾಗ, ತಂದೆಯ ಹೆಸರೂ ಸೇರಿಸಿ, ಬಿಟ್ಟು ಬಿಟ್ಟು ಮೂರು ಸಲ. ಖಾಲಿ ಕಾರಿಡಾರಿನಲ್ಲಿ ಆ ದನಿ ಗುಂಯ್ ಅಂದಿತು. ಎರಡು ಕೋಣೆಗಳಿಂದ ಜನ ತಲೆ ಹೊರಗೆ ಹಾಕಿ ನೋಡಿದರು.

ನಾನು ಫೋನು ಕೆಳಗಿಳಿಸಿ, "ಹಾಜರಿದ್ದೀನಪ್ಪಾ" ಅಂದೆ.