ಆ ತಿರುವಿನ ಫೋಟೊ ತೆಗೆಯುವ ಮುಂಚೆ

ನಾನು ದಿನಾ ಓಡಾಡುವ ಹೆದ್ದಾರಿಯಲ್ಲಿ ಒಂದು ತಿರುವಿದೆ. ಅಲ್ಲಿವರೆಗೆ ರಸ್ತೆ ನೇರ, ಸ್ಟಿಯರಿಂಗ್ ಮೇಲೆ ಒಂದು ಬೆರಳಿಟ್ಟರೆ ಸಾಕು ಅನ್ನಿಸುವಷ್ಟು ನೇರ, ಆಮೇಲೆ ಇದ್ದಕ್ಕಿದ್ದ ಹಾಗೆ ಬಲಕ್ಕೆ ಹೊರಳುತ್ತದೆ. ಆ ತಿರುವಿನ ಹೊರಬದಿಯಲ್ಲಿ, ಒಂದು ಕಬ್ಬಿಣದ ಗೂಟಕ್ಕೆ ತಂತಿಯಿಂದ ಬಿಗಿದ ಫೋಟೊ ಫ್ರೇಮ್ ಇತ್ತು. ಬಿಸಿಲಿಗೆ ಫೋಟೊ ಬೆಳ್ಳಗಾಗಿ ಮುಖ ಕಾಣುತ್ತಿರಲಿಲ್ಲ. ಕೆಳಗೆ ಪ್ಲಾಸ್ಟಿಕ್ ಹೂವು.

ನಾಲ್ಕು ವರ್ಷ ಅದನ್ನು ನೋಡುತ್ತಾ ಹೋಗಿದ್ದೇನೆ. ನಿಜ ಹೇಳಬೇಕೆಂದರೆ ಮೊದಮೊದಲು ಕಿರಿಕಿರಿ ಆಗುತ್ತಿತ್ತು. ಬೆಳಗ್ಗೆ ಬೆಳಗ್ಗೆ ಯಾರದೋ ಸಾವನ್ನು ನಾನು ಯಾಕೆ ನೋಡಬೇಕು? ದುಃಖ ಪಡೋದಕ್ಕೆ ಮನೆ ಇದೆ, ಸ್ಮಶಾನ ಇದೆ, ಎಲ್ಲರೂ ಓಡಾಡುವ ರಸ್ತೆಯ ಬದಿಯೇ ಆಗಬೇಕಾ ಅಂತ.

ಒಂದು ದಿನ ಆಫೀಸಿನ ಸಹೋದ್ಯೋಗಿಯೊಬ್ಬರನ್ನು ಕಾರಲ್ಲಿ ಕರೆದುಕೊಂಡು ಬರುತ್ತಿದ್ದೆ. ತಿರುವು ಹತ್ತಿರ ಬಂದಾಗ ಅವರು, "ಸ್ವಲ್ಪ ಮುಂದೆ ಹೋಗಿ ನಿಲ್ಲಿಸ್ತೀರಾ?" ಅಂದರು. ಫೋಟೊದಲ್ಲಿದ್ದವನು ಅವರ ತಮ್ಮನಂತೆ. ಬೈಕಿನಲ್ಲಿ ಬರುತ್ತಿದ್ದ, ರಾತ್ರಿ, ತಿರುವು ಗೊತ್ತಾಗಲಿಲ್ಲ. ಐದು ವರ್ಷ ಒಂದೇ ಮಹಡಿಯಲ್ಲಿ ಕೆಲಸ ಮಾಡಿದ್ದೆವು, ನನಗೆ ಇದು ಗೊತ್ತೇ ಇರಲಿಲ್ಲ.

ಇಳಿದು ನಡೆದೆವು. ಕಾರಿನ ಒಳಗಿಂದ ಆ ಜಾಗ ಸೆಕೆಂಡಿನಲ್ಲಿ ಹಿಂದೆ ಹೋಗಿಬಿಡುತ್ತದೆ. ಕಾಲಲ್ಲಿ ನಿಂತಾಗ ಬೇರೆ. ಒಂದೊಂದು ಲಾರಿ ಹೋದಾಗಲೂ ಗಾಳಿ ತಳ್ಳುತ್ತದೆ, ಅಂಗಿ ಮೈಗೆ ಅಂಟುತ್ತದೆ, ಕಲ್ಲಿನ ಚೂರು ಕಾಲಿಗೆ ಬಡಿಯುತ್ತದೆ. ಅವರು ಸುಮ್ನೆ ಬಗ್ಗಿ ಕರ್ಚೀಫಿನಿಂದ ಗಾಜು ಒರೆಸುತ್ತಿದ್ದರು. ನಾನು ಮಾತ್ರ ಬರುವ ಗಾಡಿಗಳನ್ನೇ ನೋಡುತ್ತಾ ನಿಂತಿದ್ದೆ. ವಾಪಸ್ ಬಂದು, ಅವರ ಚೀಲವನ್ನು ಹಿಂದೆ ಇಡೋಣ ಅಂತ ಬಾಯಿ ತೆರೆದವನು ಅಲ್ಲೇ ನಿಲ್ಲಿಸಿದೆ. ಕಾರಿನ ಹಿಂಭಾಗಕ್ಕೂ ನಾವು ಡಿಕ್ಕಿ ಅಂತಲೇ ಅನ್ನುವುದಲ್ವಾ. ಆ ದಿನ ಆ ಪದ ಬಾಯಿಗೆ ಬರಲಿಲ್ಲ.

"ಅಲ್ಲೇ ಯಾಕೆ?" ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಅವನನ್ನ ಸುಟ್ಟ ಜಾಗಕ್ಕೆ ನಾವು ಕರಕೊಂಡು ಹೋಗಿದ್ದು. ಇಲ್ಲಿಗೆ ಅವನೇ ಬಂದಿದ್ದ."

ಈ ಮಾತು ತಲೆಯಲ್ಲಿ ಉಳಿದುಕೊಂಡಿತು. ಆಮೇಲೆ ಬೇರೆ ಬೇರೆ ಕಡೆ ಜನ ಏನು ಮಾಡುತ್ತಾರೆ ಅಂತ ಓದಲು ಶುರು ಮಾಡಿದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಇಂಥ ಗುರುತುಗಳಿಗೆ ಡೆಸ್ಕಾನ್ಸೊ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ವಿಶ್ರಾಂತಿ ಅಂತ ಅರ್ಥ. ಹಿಂದೆ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ಹೋಗುವಾಗ, ಹೊತ್ತವರು ದಣಿದು ಕೆಳಗಿಟ್ಟ ಜಾಗದಲ್ಲಿ ಒಂದು ಶಿಲುಬೆ ನೆಡುತ್ತಿದ್ದರಂತೆ. ಅದೇ ಹೆಸರು ಈಗ ರಸ್ತೆ ಅಪಘಾತದ ಗುರುತುಗಳಿಗೆ ಬಂದಿದೆ. ಅದನ್ನು ಬೇಕಂತಲೇ ಹಾಳು ಮಾಡುವುದು ಆ ರಾಜ್ಯದಲ್ಲಿ ಅಪರಾಧ.

ಅಮೆರಿಕದ್ದೇ ಇನ್ನೊಂದು ರಾಜ್ಯ ಮೊಂಟಾನಾದಲ್ಲಿ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ 1953ರಿಂದ ಈ ಕೆಲಸ ಮಾಡುತ್ತಿದೆ. ರಸ್ತೆಯಲ್ಲಿ ಒಬ್ಬರು ಸತ್ತರೆ ಒಂದು ಸಣ್ಣ ಬಿಳಿ ಶಿಲುಬೆ, ಮೂವರು ಸತ್ತರೆ ಮೂರು. ಅವರ ಉದ್ದೇಶ ದುಃಖಕ್ಕಿಂತ ಎಚ್ಚರಿಕೆ: ಇಲ್ಲಿ ಜನ ಸತ್ತಿದ್ದಾರೆ, ನಿಧಾನವಾಗಿ ಹೋಗಿ ಅನ್ನೋದು. ಅಲ್ಲಿನದೇ ಸೇಂಟ್ ಲೂಯಿಸ್ ನಗರದಲ್ಲಿ 2003ರಲ್ಲಿ, ಸೈಕಲ್ ಸವಾರರಿಗೆ ಗಾಡಿ ಗುದ್ದಿದ ಜಾಗಗಳಲ್ಲಿ ಪೂರ್ತಿ ಬಿಳಿ ಬಣ್ಣ ಬಳಿದ ಹಳೆಯ ಸೈಕಲ್ಲುಗಳನ್ನು ಸರಪಳಿ ಹಾಕಿ ನಿಲ್ಲಿಸಲು ಶುರು ಮಾಡಿದರು. ಘೋಸ್ಟ್ ಬೈಕ್ ಅಂತ ಅದಕ್ಕೆ ಹೆಸರು. ಈಗ ಎಷ್ಟೋ ದೇಶಗಳಲ್ಲಿ ಅವು ಕಾಣುತ್ತವೆ.

ಅಂದರೆ ಜನ ಇದನ್ನು ಮಾಡಿಯೇ ಮಾಡುತ್ತಾರೆ. ಬೇಡ ಅಂದರೂ ರಾತ್ರಿ ಬಂದು ಕಟ್ಟುತ್ತಾರೆ.

ಹಾಗಂತ ಬೇಡ ಅನ್ನುವವರ ಮಾತು ಸುಳ್ಳಲ್ಲ. ಆ ತಿರುವಿನಲ್ಲಿ ಹತ್ತು ನಿಮಿಷ ನಿಂತ ಮೇಲೆ ನನಗೇ ಹಾಗೆ ಅನ್ನಿಸಿತು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಡ್ರೈವರ್ ಎರಡು ಸೆಕೆಂಡು ಫೋಟೊ ಕಡೆ ಕಣ್ಣು ಹಾಯಿಸಿದ ಅಂದರೆ ಐವತ್ತೈದು ಮೀಟರ್ ರಸ್ತೆ ನೋಡದೆಯೇ ಕಳೆಯಿತು. ಇನ್ನೊಂದು, ರಸ್ತೆ ಕಟ್ಟುವ ಎಂಜಿನಿಯರುಗಳು ಅಂಚಿನಿಂದಾಚೆ ಸ್ವಲ್ಪ ಜಾಗವನ್ನು ಬೇಕಂತಲೇ ಖಾಲಿ ಬಿಡುತ್ತಾರೆ. ಗಾಡಿ ಹಿಡಿತ ತಪ್ಪಿ ಆಚೆ ಹೋದರೆ ಯಾವುದಕ್ಕೂ ಗುದ್ದದೆ ನಿಲ್ಲಲಿ ಅಂತ. ಅಲ್ಲಿ ಬೋರ್ಡು ನೆಡಲೇಬೇಕಾದರೆ ಅದರ ಕಂಬ ಗುದ್ದಿದ ತಕ್ಷಣ ಮುರಿಯುವ ಹಾಗೆ ಮಾಡಿರುತ್ತಾರೆ. ಅಂಥ ಜಾಗದಲ್ಲಿ ಯಾರೋ ಪ್ರೀತಿಯಿಂದ ಸಿಮೆಂಟಿನ ಕಟ್ಟೆ ಕಟ್ಟಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಬ್ಬರ ನೆನಪಿಗೆ ಕಟ್ಟಿದ ಕಲ್ಲಿಗೆ ಇನ್ನೊಬ್ಬರ ತಲೆ ಒಡೆಯಬಾರದು.

ಹುಲ್ಲು ಕತ್ತರಿಸುವವರ ಕಷ್ಟವೂ ಇದೆ. ಯಂತ್ರ ನಿಲ್ಲಿಸಿ, ಇಳಿದು, ಸುತ್ತ ಕೈಯಿಂದ ಕೊಯ್ಯಬೇಕು. ರಸ್ತೆ ಬದಿಯಲ್ಲಿ ಕಾಲ್ನಡಿಗೆಯಲ್ಲಿರುವ ಪ್ರತಿ ನಿಮಿಷವೂ ಅವರಿಗೆ ಅಪಾಯವೇ.

ಆದರೆ ಗಮನ ಬೇರೆ ಕಡೆ ಹೋಗುತ್ತದೆ ಅನ್ನುವ ವಾದಕ್ಕೆ ಉತ್ತರ ಅಷ್ಟು ಸರಳವಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಸಂಶೋಧಕರು ಸಿಗ್ನಲ್ ಇರುವ ವೃತ್ತಗಳಲ್ಲಿ ತಾವೇ ನಕಲಿ ಸ್ಮಾರಕ ಇಟ್ಟು ನೋಡಿದರು. ಕೆಂಪು ದೀಪ ಇದ್ದಾಗ ನುಗ್ಗುವವರ ಸಂಖ್ಯೆ ಅಲ್ಲಿ ಕಡಿಮೆಯಾಯಿತು. ಅದೇ ಪ್ರಯೋಗವನ್ನು ವೇಗದ ಹೆದ್ದಾರಿಯಲ್ಲಿ ಮಾಡಿದಾಗ ಗಾಡಿಗಳ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನಾನು ಅರ್ಥ ಮಾಡಿಕೊಂಡದ್ದು, ಸ್ಮಾರಕ ಇಟ್ಟರೆ ಜನ ಹೆದ್ದಾರಿಯಲ್ಲಿ ನಿಧಾನ ಆಗುತ್ತಾರೆ ಅಂತ ನಂಬಿ ಕೂರಬೇಡಿ, ಸ್ಮಾರಕದಿಂದಲೇ ಅಪಘಾತ ಆಗುತ್ತದೆ ಅಂತ ಹೆದರಿಸಲೂ ಬೇಡಿ. ನಾಲ್ಕಂತಸ್ತಿನ ಜಾಹೀರಾತು ಫಲಕಗಳು ಮಿನುಗುತ್ತಿರುವ ರಸ್ತೆಯಲ್ಲಿ ಒಂದು ಅಂಗೈ ಅಗಲದ ಫೋಟೊ ಮಾತ್ರ ಗಮನ ಕೆಡಿಸುತ್ತದೆ ಅನ್ನೋದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಧರ್ಮದ ಜಗಳವೂ ಇದೆ. ಅಮೆರಿಕದ ಯೂಟಾದಲ್ಲಿ, ಕರ್ತವ್ಯದಲ್ಲಿ ಸತ್ತ ಹೆದ್ದಾರಿ ಪೊಲೀಸರ ನೆನಪಿಗೆ ಅವರ ಸಂಘದವರು ಹನ್ನೆರಡು ಅಡಿ ಎತ್ತರದ ಬಿಳಿ ಶಿಲುಬೆಗಳನ್ನು ನಿಲ್ಲಿಸಿದ್ದರು, ಕೆಲವು ಸರ್ಕಾರಿ ಜಾಗದಲ್ಲಿ. ನಾಸ್ತಿಕರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. ಸರ್ಕಾರ ಒಂದು ಧರ್ಮದ ಬೆನ್ನಿಗೆ ನಿಂತ ಹಾಗೆ ಕಾಣುತ್ತದೆ ಅಂತ 2010ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ನನ್ನ ಪ್ರಕಾರ ಎತ್ತರವೇ ಅರ್ಧ ಜಗಳ. ಹನ್ನೆರಡು ಅಡಿ ಅಂದರೆ ಅದು ನೆನಪಿನ ಗುರುತಿಗಿಂತ ಘೋಷಣೆ ಥರ ಕಾಣುತ್ತದೆ. ಒಂದು ಮನೆಯವರು ತಮ್ಮ ಮಗನಿಗೆ ಮೊಣಕಾಲೆತ್ತರದ ಗುರುತು ಇಟ್ಟು ಅದರ ಮೇಲೆ ತಮ್ಮ ದೇವರ ಚಿಹ್ನೆ ಬರೆದರೆ, ಅದು ಸರ್ಕಾರದ ಮಾತು ಅಂತ ದಾರಿಯಲ್ಲಿ ಹೋಗುವ ಯಾರೂ ಅಂದುಕೊಳ್ಳುವುದಿಲ್ಲ.

ಇದಕ್ಕೆಲ್ಲ ಪರಿಹಾರ ಅಂತ ಡೆಲವೇರ್ ರಾಜ್ಯದವರು ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಒಂದು ತೋಟ ಮಾಡಿದ್ದಾರೆ. ಸತ್ತವರ ಹೆಸರಿನ ಇಟ್ಟಿಗೆ ಅಲ್ಲಿ ಹಾಕಿಸಬಹುದು. ಸುರಕ್ಷಿತ, ಅಚ್ಚುಕಟ್ಟು ಜಾಗ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಕಾಲೆಳೆಯುವುದಿಲ್ಲ. ಆದರೆ ನನ್ನ ಸಹೋದ್ಯೋಗಿಗೆ ಅದನ್ನು ಹೇಳಿದಾಗ ಅವರು, "ಅಲ್ಲಿ ಅವನು ಯಾವ ತಿರುವಲ್ಲಿ ಬಿದ್ದ ಅಂತ ಬರೆದಿರುತ್ತಾ?" ಅಂದರು.

ನನಗೆ ವಿಷಯ ಹೊಳೆದದ್ದು ಅಲ್ಲಿ. ಅಪಘಾತ ಆದ ಮೇಲೆ ಏನಾಗುತ್ತದೆ ನೋಡಿ. ಆಂಬುಲೆನ್ಸ್, ಪೊಲೀಸು, ಕ್ರೇನು. ಗಾಜು ಗುಡಿಸುತ್ತಾರೆ, ರಕ್ತಕ್ಕೆ ಮಣ್ಣು ಹಾಕುತ್ತಾರೆ, ಎರಡು ಮೂರು ಗಂಟೆಯಲ್ಲಿ ರಸ್ತೆ ಏನೂ ಆಗದ ಹಾಗೆ ಓಡುತ್ತಿರುತ್ತದೆ. ಅಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆ ಅನ್ನೋದಕ್ಕೆ ಫೈಲಿನಲ್ಲಿ ಒಂದು ಸಾಲು ಇರಬಹುದು, ರಸ್ತೆಯ ಮೇಲೆ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ದಿನಕ್ಕೆ ಮೂರು ಸಾವಿರಕ್ಕೂ ಜಾಸ್ತಿ. ಅಷ್ಟು ಜನ ಸಾಯುವ ಇನ್ಯಾವ ಜಾಗವನ್ನಾದರೂ ನಾವು ಇಷ್ಟು ಬೇಗ ಗುಡಿಸಿ, ತೊಳೆದು ಮತ್ತೆ ಬಳಸುತ್ತೇವಾ? ಆ ಫೋಟೊ, ಆ ಪ್ಲಾಸ್ಟಿಕ್ ಹೂವು, ಅದು ದುಃಖದ ಗುರುತು ಹೌದು, ಜೊತೆಗೆ ಅದೊಂದು ದೂರು ಕೂಡ. ಈ ಜಾಗದಲ್ಲಿ ಏನೋ ಸರಿಯಿಲ್ಲ, ಬಂದು ನೋಡಿ ಅಂತ ಹೆದ್ದಾರಿ ಇಲಾಖೆಗೆ ಬರೆದ ದೂರು.

ದೂರು ಕೊಟ್ಟವರಿಗೆ ಉತ್ತರ ಕೊಡದೆ ದೂರಿನ ಕಾಗದವನ್ನೇ ಹರಿದು ಹಾಕಿದರೆ ಹೇಗಿರುತ್ತದೆ? ಸ್ಮಾರಕ ಕಿತ್ತು ಹಾಕುವುದು ನನಗೆ ಈಗ ಹಾಗೇ ಕಾಣುತ್ತದೆ.

ಸ್ವೀಡನ್‌ನಲ್ಲಿ 1997ರಲ್ಲಿ ಅಲ್ಲಿನ ಸಂಸತ್ತು ವಿಷನ್ ಝೀರೋ ಅನ್ನುವ ನೀತಿ ಒಪ್ಪಿತು. ಮನುಷ್ಯ ತಪ್ಪು ಮಾಡುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆ ಆಗಬಾರದು, ರಸ್ತೆಯನ್ನು ಹಾಗೆ ಕಟ್ಟಿ ಅನ್ನೋದು ಅದರ ಸಾರ. ಅಲ್ಲಿನ ರಸ್ತೆ ಆಡಳಿತದವರು ಸಾವು ಆದ ಪ್ರತಿಯೊಂದು ಅಪಘಾತವನ್ನೂ ಆಳವಾಗಿ ಪರೀಕ್ಷೆ ಮಾಡುತ್ತಾರೆ. ಡ್ರೈವರ್ ನಿದ್ದೆ ಮಾಡಿದನಾ ಅಂತ ಕೇಳಿ ನಿಲ್ಲಿಸುವುದಿಲ್ಲ, ನಿದ್ದೆ ಮಾಡಿದವನ ಗಾಡಿ ಎದುರಿನ ಗಾಡಿಗೆ ಹೋಗಿ ಬಡಿಯದ ಹಾಗೆ ಯಾಕೆ ತಡೆ ಇರಲಿಲ್ಲ ಅಂತಲೂ ಕೇಳುತ್ತಾರೆ. ಎಷ್ಟೋ ರಸ್ತೆಗಳ ನಡುವೆ ಉಕ್ಕಿನ ಹಗ್ಗದ ತಡೆ ಹಾಕಿದರು, ಎದುರುಬದುರು ಡಿಕ್ಕಿಯಲ್ಲಿ ಸಾಯುವವರು ಬಹಳ ಕಡಿಮೆಯಾದರು.

ಹಾಗಾಗಿ ನನ್ನ ವಾದ ಇದು. ಸ್ಮಾರಕಕ್ಕೆ ನಿಯಮ ಇರಲಿ, ನಾನು ಬೇಡ ಅನ್ನುವುದಿಲ್ಲ. ಕಲ್ಲು, ಸಿಮೆಂಟು ಬೇಡ, ಗಾಡಿ ಬಡಿದರೆ ಬಾಗುವ ಹಗುರ ವಸ್ತು ಇರಲಿ, ದೀಪ ಬೇಡ, ರಸ್ತೆ ಅಂಚಿನಿಂದ ಆದಷ್ಟು ದೂರ ಇರಲಿ, ಕಾಲಾವಧಿಯೂ ಇರಲಿ. ಶಾಶ್ವತವಾಗಿ ಎಲ್ಲವೂ ಉಳಿದರೆ ಕೆಲವು ರಸ್ತೆಗಳು ಪೂರ್ತಿ ಸ್ಮಶಾನವಾಗುತ್ತವೆ, ಅದೂ ನಿಜ. ಆದರೆ ಗಡುವು ಮನೆಯವರಿಗೆ ಮಾತ್ರ ಯಾಕೆ? ಇಲಾಖೆಗೂ ಇರಲಿ. ಆ ಜಾಗವನ್ನು ಪರೀಕ್ಷೆ ಮಾಡಿ, ಏನು ಕಂಡಿತು, ಏನು ಸರಿಪಡಿಸಿದೆವು ಅಂತ ಮನೆಯವರಿಗೆ ಬರೆದು ತಿಳಿಸಿದ ಮೇಲೆ ಬೇಕಾದರೆ ಆ ಫೋಟೊ ತೆಗೆಯಿರಿ. ಅದಕ್ಕೂ ಮುಂಚೆ ಮುಟ್ಟಬೇಡಿ. ರಸ್ತೆಯಲ್ಲಿ ಏನೂ ದೋಷ ಇಲ್ಲ ಅಂತ ಕಂಡರೆ ಅದನ್ನೇ ಬರೆಯಿರಿ, ಅದೂ ಒಂದು ಉತ್ತರವೇ.

ಇದನ್ನು ಹೇಳಿದಾಗ ಗೆಳೆಯನೊಬ್ಬ ಕೇಳಿದ ಪ್ರಶ್ನೆಗೆ ಮಾತ್ರ ಇನ್ನೂ ಒದ್ದಾಡುತ್ತಿದ್ದೇನೆ. ಕುಡಿದು ಓಡಿಸಿ ಇನ್ನೊಂದು ಕುಟುಂಬವನ್ನು ಕೊಂದು ತಾನೂ ಸತ್ತವನ ಫೋಟೊವನ್ನೂ ಅಲ್ಲೇ ಇಡಬಹುದಾ? ಅವನಿಗೂ ತಾಯಿ ಇರುತ್ತಾಳೆ. ಆ ಇನ್ನೊಂದು ಕುಟುಂಬದ ಅಳಿದುಳಿದವರು ದಿನಾ ಅದೇ ದಾರಿಯಲ್ಲಿ ಹೋಗಬೇಕಾದರೆ? ಹೆಸರು, ಫೋಟೊ ಯಾವುದೂ ಇಲ್ಲದ ಒಂದೇ ರೀತಿಯ ಗುರುತು ಎಲ್ಲರಿಗೂ ಇಟ್ಟುಬಿಟ್ಟರೆ ಈ ಜಗಳ ತಪ್ಪುತ್ತದೆ. ಅಮೆರಿಕದ ಸೌತ್ ಡಕೋಟಾದಲ್ಲಿ ಸರ್ಕಾರವೇ ಸಾವು ಆದ ಜಾಗಗಳಲ್ಲಿ ಅಂಥ ಬೋರ್ಡು ನೆಟ್ಟಿದೆ, ಯಾರ ಹೆಸರೂ ಅದರಲ್ಲಿ ಇಲ್ಲ. ಎಂಜಿನಿಯರಿಗೆ ಅಷ್ಟು ಸಾಕು. ಸತ್ತವನ ಅಕ್ಕನಿಗೆ ಸಾಕಾಗುವುದಿಲ್ಲ ಅಂತ ಆ ತಿರುವಿನಲ್ಲಿ ಕರ್ಚೀಫು ಹಿಡಿದು ನಿಂತವರನ್ನು ನೋಡಿದ್ದರಿಂದ ನನಗೆ ಗೊತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಹುಲ್ಲು ಕತ್ತರಿಸಿದರು. ಗೂಟವೂ ಹೋಯಿತು, ಫ್ರೇಮೂ ಹೋಯಿತು. ಯಾರನ್ನು ಕೇಳಬೇಕು ಅಂತ ನನ್ನ ಸಹೋದ್ಯೋಗಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಂದು ಆಫೀಸಿನವರು ಇನ್ನೊಂದು ಆಫೀಸಿಗೆ ಬರೆಯಿರಿ ಅಂದರು. ಬರೆದೆವು. ಫ್ರೇಮಿನ ಬಗ್ಗೆ ಒಂದೇ ಸಾಲು ಬರೆದು ಉಳಿದದ್ದೆಲ್ಲ ತಿರುವಿನ ಬಗ್ಗೆ ಬರೆದೆವು: ಮುನ್ಸೂಚನೆಯ ಬೋರ್ಡಿಲ್ಲ, ರಾತ್ರಿ ಹೊಳೆಯುವ ಬಾಣದ ಗುರುತಿಲ್ಲ, ಹೊರಬದಿಯಲ್ಲಿ ತಡೆಗಂಬಿ ಇಲ್ಲ. ಉತ್ತರ ಇನ್ನೂ ಬಂದಿಲ್ಲ. ತಿರುವು ಹಾಗೇ ಇದೆ, ಈಗ ಅಲ್ಲಿ ನೋಡೋದಕ್ಕೆ ಏನೂ ಇಲ್ಲ, ನಾನು ಮಾತ್ರ ಅಲ್ಲಿಗೆ ಬರುವ ಎಷ್ಟೋ ಮುಂಚೆಯೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ನನ್ನ ಸಹೋದ್ಯೋಗಿ ಹೊಸ ಫ್ರೇಮ್ ಮಾಡಿಸಿದ್ದಾರೆ. ಈ ಸಲ ಬಿಸಿಲಿಗೆ ಬೆಳ್ಳಗಾಗದ ಪ್ರಿಂಟು. ಅದು ನನ್ನ ಕಾರಿನ ಹಿಂಭಾಗದಲ್ಲೇ ಇದೆ, ಎರಡು ತಿಂಗಳಿಂದ.